ಡನೋಲಿಯ ಕೆಂಪು ಮಣ್ಣಿನಲ್ಲಿ ಸಣ್ಣ ಚಿನ್ನದ ಹುಡುಕಾಟ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿರುವ ಡನೋಲಿಯ ಸುತ್ತಲಿನ ಕಾಡುಗಳಲ್ಲಿ ನಾನು ಆರು ವರ್ಷಗಳಿಂದ ರಜಾದಿನಗಳಂದು ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನ ಹುಡುಕುತ್ತಿದ್ದೇನೆ. 'ಮೈನರ್ಸ್ ರೈಟ್' ಎಂಬ ಪರವಾನಗಿ ಪಡೆದವರು, ನಿರ್ಬಂಧವಿಲ್ಲದ ಸರ್ಕಾರಿ ಜಮೀನಿನಲ್ಲಿ ಹೀಗೆ ಹುಡುಕಬಹುದು. 1869ರಲ್ಲಿ ಇಲ್ಲೇ ಸಮೀಪದ ಮೊಲಿಯಾಗುಲ್‌ನಲ್ಲಿ 70 ಕಿಲೋಗೂ ಹೆಚ್ಚು ತೂಗಿದ 'ವೆಲ್‌ಕಮ್ ಸ್ಟ್ರೇಂಜರ್' ಗಟ್ಟಿ ಸಿಕ್ಕಿತ್ತು. ನನಗೆ ಸಿಗುವುದು ಹೆಚ್ಚಾಗಿ ಅರ್ಧ ಗ್ರಾಮಿಗೂ ಕಡಿಮೆ ತೂಕದ ಚೂರುಗಳು.

ಯಂತ್ರವು ಚಿನ್ನವನ್ನು ಚಿನ್ನವೆಂದು ಗುರುತಿಸುವುದಿಲ್ಲ ಎಂಬುದು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಯಂತ್ರದ ತುದಿಯಲ್ಲಿ ನೆಲದ ಮೇಲೆ ಆಡಿಸುವ ತಂತಿಸುರುಳಿಯಾದ ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರವು ಲೋಹದೊಳಗೆ ಸುಳಿಯಂತೆ ಸುತ್ತುವ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತಿನಿಂದ ಮರಳಿ ಬರುವ ಸಂಕೇತ ಎಷ್ಟು ಬಲವಾಗಿದೆ, ಎಷ್ಟು ತಡವಾಗಿದೆ ಎಂಬುದನ್ನಷ್ಟೇ ಯಂತ್ರ ಅಳೆಯುತ್ತದೆ. ಅದು ಲೋಹದ ಜಾತಿಯನ್ನಷ್ಟೇ ಅಲ್ಲ, ಅದರ ಗಾತ್ರ, ದಪ್ಪ, ಆಕಾರಗಳನ್ನೂ ಅವಲಂಬಿಸಿದೆ. ಆದ್ದರಿಂದ ಸಣ್ಣ ಚಿನ್ನದ ಚೂರು, ಸಿಗರೇಟ್ ಪೊಟ್ಟಣದ ತೆಳು ಹಾಳೆ, ಬೇಟೆಗಾರರ ಸೀಸದ ಗುಂಡು ಈ ಮೂರೂ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಉಲಿಯುತ್ತವೆ. ಇನ್ನೊಂದು ತೊಡಕು ಮಣ್ಣಿನದು. ಸಣ್ಣ ಚೂರಿನಲ್ಲಿ ಸುಳಿ ವಿದ್ಯುತ್ತು ಬೇಗ ಸಾಯುವುದರಿಂದ ಅದರ ಕ್ಷೀಣ ಸಂಕೇತವು ಕಬ್ಬಿಣಾಂಶ ತುಂಬಿದ ಇಲ್ಲಿನ ಕೆಂಪು ಮಣ್ಣಿನ ಸಂಕೇತದೊಡನೆ ಬೆರೆತು, ಯಂತ್ರದ ಮಾಪಕದಲ್ಲಿ ಕಬ್ಬಿಣದ ಕಡೆಗೆ ವಾಲುತ್ತದೆ. ಕಬ್ಬಿಣವನ್ನು ತಳ್ಳಿಹಾಕುವ ಡಿಸ್ಕ್ರಿಮಿನೇಷನ್ ಹಾಕಿಕೊಂಡು ನಡೆದ ಆ ಎರಡು ವರ್ಷಗಳಲ್ಲಿ ಎಷ್ಟು ಚಿನ್ನವನ್ನು ದಾಟಿ ಬಂದೆನೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ನಾನು 45 ಕಿಲೋಹರ್ಟ್ಸ್‌ನ ಯಂತ್ರವನ್ನು ಬಳಸುತ್ತೇನೆ, ಏಕೆಂದರೆ ಹೆಚ್ಚಿನ ಆವರ್ತನಕ್ಕೆ ಸಣ್ಣ ಚೂರುಗಳು ಚೆನ್ನಾಗಿ ಸ್ಪಂದಿಸುತ್ತವೆ. ಡಿಸ್ಕ್ರಿಮಿನೇಷನ್ ಅನ್ನು ಬಳಸುವುದೇ ಇಲ್ಲ. ದನಿ ಕೇಳಿದ ಕೂಡಲೇ ಅದೇ ಜಾಗದ ಮೇಲೆ ಮೊದಲ ದಿಕ್ಕಿಗೆ ಅಡ್ಡಲಾಗಿ ಇನ್ನೊಮ್ಮೆ ಕಾಯಿಲ್ ಆಡಿಸುತ್ತೇನೆ: ಉದ್ದನೆಯ ಮೊಳೆಯಾದರೆ ಒಂದು ದಿಕ್ಕಿನಲ್ಲಿ ದನಿ ಎರಡಾಗಿ ಒಡೆಯುವುದುಂಟು, ಚಿನ್ನದ ಚೂರಾದರೆ ಎರಡೂ ಕಡೆ ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ. ಆಮೇಲೆ ಬೂಟಿನಿಂದ ಒಂದೆರಡು ಅಂಗುಲ ಮಣ್ಣು ಕೆರೆದು ಮತ್ತೆ ಕೇಳುತ್ತೇನೆ. ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ನಂಬಬಹುದಾದ ಪರೀಕ್ಷೆ ಇನ್ನೊಂದಿಲ್ಲ, ಏಕೆಂದರೆ ಕಾಯಿಲ್ ಹತ್ತಿರವಾದಷ್ಟೂ ಮಣ್ಣಿನ ಸದ್ದಿಗಿಂತ ಲೋಹದ ಸದ್ದು ಮೇಲಾಗುತ್ತದೆ. ಮೊದಲು ಕಬ್ಬಿಣವೆಂದು ತೋರಿದ ಮಾಪಕದ ಮುಳ್ಳು ಹಲವು ಬಾರಿ ಆಗ ಕಬ್ಬಿಣವಲ್ಲದ ಕಡೆಗೆ ಜರುಗುತ್ತದೆ. ಪಿಕಾಸಿಯ ತಲೆಗೆ ಅಂಟಿಸಿದ ಅಯಸ್ಕಾಂತವನ್ನು ಅಗೆದ ಮಣ್ಣಿನಲ್ಲಿ ಆಡಿಸಿದರೆ ಬೂಟಿನ ಹಳೆಯ ಮೊಳೆಗಳು ತಾವೇ ಮೇಲೆ ಬರುತ್ತವೆ.

ಸೀಸವನ್ನು ಮಾತ್ರ ಅಗೆಯದೆ ಬೇರ್ಪಡಿಸಲು ನನಗೆ ಸಾಧ್ಯವಾಗಿಲ್ಲ. ಮಣ್ಣನ್ನು ಪ್ಲಾಸ್ಟಿಕ್ ಮೊಗೆಯಲ್ಲಿ ತುಂಬಿ ಕಾಯಿಲ್ ಮುಂದೆ ಆಡಿಸಿ, ದನಿ ಬಂದರೆ ಅರ್ಧವನ್ನು ಅಂಗೈಗೆ ಸುರಿದು, ದನಿಯಿರುವ ಅರ್ಧವನ್ನಷ್ಟೇ ಉಳಿಸಿಕೊಂಡು, ಹೀಗೆ ಅರ್ಧ ಅರ್ಧ ಮಾಡುತ್ತಾ ಕೊನೆಗೆ ಒಂದು ಚಿಟಿಕೆಗೆ ಬರುತ್ತೇನೆ. ಉಗುರಿನಿಂದ ಒರೆಸಿದಾಗ ಸೀಸಕ್ಕೆ ಬೂದುಬಿಳಿಯ ಪೊರೆ ಇರುತ್ತದೆ. ಕಳೆದ ಶರತ್ಕಾಲದ ಒಂದು ಶನಿವಾರ ಹೀಗೆ 31 ಸೀಸದ ಗುಂಡುಗಳನ್ನು ಅಗೆದು ಚೀಲಕ್ಕೆ ಹಾಕಿಕೊಂಡಿದ್ದೆ; 32ನೆಯದಾಗಿ, ಕಬ್ಬಿಣವೆಂದೇ ಯಂತ್ರ ಹಟ ಹಿಡಿದಿದ್ದ ಜಾಗದಲ್ಲಿ, ನಾಲ್ಕು ಅಂಗುಲ ಕೆರೆದ ಮೇಲೆ ದನಿ ಬದಲಾಯಿತು. ಕೆಸರು ಒರೆಸಿದಾಗ ಅಂಗೈಯಲ್ಲಿ ಉಳಿದದ್ದು 0.4 ಗ್ರಾಂ ತೂಕದ, ಅಂಚೆಲ್ಲ ಸವೆದು ನುಣುಪಾದ ಹಳದಿ ಚೂರು.