ಬೆಕ್ಕು ಸಾಕಿಲ್ಲ ಅಂದ ಅಜ್ಜಿಯ ಕಫದಲ್ಲಿ ಪಾಶ್ಚುರೆಲ್ಲಾ

ಹನುಮಂತನಗರದಲ್ಲಿ ನನ್ನದೊಂದು ಪುಟ್ಟ ಲ್ಯಾಬ್ ಇದೆ. ಬೆಂಚು ಒಂದೇ, ಇನ್‌ಕ್ಯುಬೇಟರ್ ಸೆಕೆಂಡ್ ಹ್ಯಾಂಡ್. ಇಲ್ಲಿ ಒಬ್ಬ ಅಜ್ಜಿಯ ಕಫದಲ್ಲಿ ಪಾಶ್ಚುರೆಲ್ಲಾ ಮಲ್ಟೋಸಿಡಾ (ಬೆಕ್ಕು, ನಾಯಿಗಳ ಬಾಯಲ್ಲಿರೋ ಬ್ಯಾಕ್ಟೀರಿಯಾ) ಸಿಕ್ಕಿದೆ ಅಂದಾಗ ಯಾರೂ ನಂಬಲಿಲ್ಲ. 'ಹೀಮೋಫಿಲಸ್ ಅಂತ ಬರೆದು ಕಳಿಸ್ರೀ ಸುಮ್ನೆ' ಅಂದರು ಹಿರಿಯರೊಬ್ಬರು. ಅದು ಕಫದಲ್ಲಿ ಮಾಮೂಲಾಗಿ ಸಿಗೋ ಬ್ಯಾಕ್ಟೀರಿಯಾ. ಹೀಮೋಫಿಲಸ್ ಆಗಿದ್ದರೆ ಬರೀ ಕುರಿ ರಕ್ತದ ಅಗರ್ (ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ) ಮೇಲೆ ಹೀಗೆ ಬೆಳೆಯುತ್ತಿತ್ತಾ?

70 ದಾಟಿದ ಅಜ್ಜಿ, ಹಳೇ ಸಿಒಪಿಡಿ (ಉಸಿರು ಕಟ್ಟೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ). ಸೆಫಾಲೆಕ್ಸಿನ್ ಅನ್ನೋ ಆಂಟಿಬಯಾಟಿಕ್ ಎರಡು ಕೋರ್ಸ್ ಮುಗಿದಿತ್ತು (ಪಾಶ್ಚುರೆಲ್ಲಾಗೆ ಅದು ಅಷ್ಟಾಗಿ ನಾಟಲ್ಲ), ಕಫ ಹಸಿರಾಗಿಯೇ ಬರುತ್ತಿತ್ತು. ಮೊದಲ ಸ್ಯಾಂಪಲ್ ಬರೀ ಎಂಜಲು. ಎರಡನೆಯದರಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾದ ಲೋಳೆ ಪ್ಲೇಟ್ ತುಂಬಾ ಹರಡಿತು, ಆದರೆ ಸ್ಲೈಡ್‌ನಲ್ಲಿ ಕೀವಿನ ಕಣಗಳ ನಡುವೆ ಇದ್ದದ್ದು ಬೇರೆ ಥರದ ಪುಟಾಣಿ ಕಡ್ಡಿಗಳು, ಅದಕ್ಕೇ ಬಿಡಲಿಲ್ಲ. ಮೂರನೆಯದರಲ್ಲಿ ಬ್ಲಡ್ ಅಗರ್ ಮೇಲೆ ಬೂದು ಕಾಲನಿ, ಮ್ಯಾಕಾಂಕಿ ಅನ್ನೋ ಇನ್ನೊಂದು ಅಗರ್ ಮೇಲೆ ಅದರ ಸುಳಿವೇ ಇಲ್ಲ. ಮುಚ್ಚಳ ಸರಿಸಿದರೆ ಇಲಿ ಬೋನಿನ ವಾಸನೆ. ಮೂಸಬಾರದು, ಗೊತ್ತು. ಅದಾಗೇ ಮೂಗಿಗೆ ಬಂತು. ಕ್ಲೆಬ್ಸಿಯೆಲ್ಲಾ ತಡೆಯಲು ಆ ಪ್ಲೇಟಿಗೆ ಏನು ಸೇರಿಸಿದ್ದೆ ಅನ್ನೋದು ನನ್ನ ಅನ್ನದ ಗುಟ್ಟು, ಕೇಳಬೇಡಿ.

ಬ್ಯಾಕ್ಟೀರಿಯಾ ಗುರುತಿಸೋ ಆಕ್ಸಿಡೇಸ್ ಪರೀಕ್ಷೆಯಲ್ಲಿ ಎಡವಿದೆ. ನಿಕ್ರೋಮ್ ಲೂಪ್‌ನಲ್ಲಿ (ಲೋಹದ ತಂತಿ) ಮಾಡಿದರೆ ಸುಳ್ಳು ಪಾಸಿಟಿವ್ ಬರುತ್ತೆ ಅಂತ ಗೊತ್ತಿದ್ದೂ ಅದನ್ನೇ ಎತ್ತಿಕೊಂಡೆ, ಮತ್ತೆ ಹಲ್ಲುಕಡ್ಡಿಯಲ್ಲಿ ಮಾಡಿದೆ. ಪಾಸಿಟಿವ್. ಉಳಿದೆರಡು ಪರೀಕ್ಷೆಗಳಲ್ಲಿ ಇಂಡೋಲ್ ಪಾಸಿಟಿವ್, ಯೂರಿಯೇಸ್ ನೆಗೆಟಿವ್. ಗ್ರಾಂ ನೆಗೆಟಿವ್ ಕಡ್ಡಿ (ಇವು ಸಾಮಾನ್ಯವಾಗಿ ಪೆನಿಸಿಲಿನ್‌ಗೆ ಬಗ್ಗಲ್ಲ), ಆದರೂ ಪೆನಿಸಿಲಿನ್ ಡಿಸ್ಕ್ ಸುತ್ತ ಏನೂ ಬೆಳೆಯದ ದೊಡ್ಡ ಬಯಲು! ನನಗೆ ಅಲ್ಲೇ ಖಾತ್ರಿಯಾಯಿತು.

ಪ್ಲೇಟು, ಡಿಸ್ಕು ಎಲ್ಲ ಸೇರಿ 500 ರೂಪಾಯಿ ಆಗಿರಬೇಕು. ಹೊರಗೆ ಮಾಲ್ಡಿ-ಟಾಫ್‌ಗೆ (ಬ್ಯಾಕ್ಟೀರಿಯಾದ ಹೆಸರು ಹೇಳೋ ಯಂತ್ರ) ಕಳಿಸಿದ್ದು 1,500ರ ಹತ್ತಿರ, ಅದು ನನ್ನ ಜೇಬಿಂದ. ಅದೇ ಹೆಸರು ಬಂತು. ಪ್ರಿಂಟ್ ತೆಗೆದು ಹಿರಿಯರ ಮೇಜಿನ ಮೇಲಿಟ್ಟು ಕಾಫಿಗೆ ಹೋದೆ.

ಫಾರಂನಲ್ಲಿ 'ಸಾಕುಪ್ರಾಣಿ: ಇಲ್ಲ' ಅಂತಿತ್ತು. ಫೋನ್ ಮಾಡಿದೆ.

'ಬೆಕ್ಕು ಸಾಕಿದೀರಾ ಅಜ್ಜಿ?'

'ಇಲ್ಲಪ್ಪ.'

'ಮನೆಗೆ ಬರುತ್ತಾ?'

'ಬರದೇ ಏನು, ರಾತ್ರಿ ನನ್ನ ದಿಂಬಿನ ಹತ್ರಾನೇ ಮಲಗೋದು. ಆ ಹಬೆ ಎಳೆಯೋ ಮಾಸ್ಕನ್ನೂ ನೆಕ್ಕುತ್ತೆ, ಓಡಿಸಿದರೂ ಹೋಗಲ್ಲ.'

ಡಾಕ್ಟರು ಅಮಾಕ್ಸಿಸಿಲಿನ್-ಕ್ಲಾವ್‌ಗೆ ಬದಲಾಯಿಸಿದರು, ಹತ್ತು ದಿನದಲ್ಲಿ ಕಫ ಬಿಳಿಯಾಯಿತು. ಮಾಸ್ಕ್ ಈಗ ಸ್ಟೀಲ್ ಡಬ್ಬಿಯಲ್ಲಿ. ನನ್ನ ಫಾರಂನಲ್ಲೂ ಪ್ರಶ್ನೆ ಬದಲಾಗಿದೆ: 'ಮನೆಗೆ ಯಾವ ಪ್ರಾಣಿ ಬಂದು ಹೋಗುತ್ತೆ?'

ಅದೇ ಹುರುಪಿನಲ್ಲಿ, ನಾಯಿ ಇರುವ ಮನೆಗಳ ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳ ಹಿಗ್ಗಿ ಕಫ ಕಟ್ಟೋ ಕಾಯಿಲೆ) ರೋಗಿಗಳಲ್ಲಿ ಬಾರ್ಡಟೆಲ್ಲಾ ಬ್ರಾಂಕಿಸೆಪ್ಟಿಕಾ ಅನ್ನೋ ನಾಯಿಗಳ ಬ್ಯಾಕ್ಟೀರಿಯಾ ಹುಡುಕಿದೆ. ಅದು ಇದ್ದರೆ ಯೂರಿಯಾ ಟ್ಯೂಬ್ ನಾಲ್ಕು ಗಂಟೆಯೊಳಗೆ ಗುಲಾಬಿ ಆಗಬೇಕು ಅಲ್ವಾ, ಹದಿನೈದಿಪ್ಪತ್ತು ಟ್ಯೂಬ್‌ಗಳಲ್ಲಿ ಒಂದೂ ಆಗಲಿಲ್ಲ. ರೋಡೋಕಾಕಸ್ ಈಕ್ವಿ (ಕುದುರೆಗಳಲ್ಲಿ ಕಾಣೋ ಬ್ಯಾಕ್ಟೀರಿಯಾ) ಅಂತ ಕುಣಿದಾಡಿದ ಪ್ಲೇಟ್ ಕೊನೆಗೆ ಚರ್ಮದ ಮೇಲೆ ಮಾಮೂಲಾಗಿರೋ ಮೈಕ್ರೋಕಾಕಸ್. ಉಳಿದ ಟ್ಯೂಬ್‌ಗಳು ಫ್ರಿಜ್ಜಿನಲ್ಲಿವೆ, ಎಕ್ಸ್‌ಪೈರಿಗೆ ಇನ್ನೂ ಎರಡು ತಿಂಗಳಿದೆ.