ಶೋಕೇಸಿನ ಗೊಂಬೆಗಳಿಗೆ ಒಂದು ಒಣ ಬ್ರಷ್

ನಮ್ಮ ಹಾಲ್‌ನಲ್ಲಿ ಆರಡಿ ಎತ್ತರದ ಒಂದು ಶೋಕೇಸ್ ಇದೆ. ಐದು ಹಲಗೆ, ಮುಂದೆ ಗಾಜಿನ ಬಾಗಿಲು. ಅದರ ತುಂಬ ಗೊಂಬೆಗಳು. ಜಾಸ್ತಿ ಇರೋದು ಚನ್ನಪಟ್ಟಣದವು. ಕಿನ್ನಾಳದ ನಾಲ್ಕು, ಅಮ್ಮ ಕೊಟ್ಟ ಪಟ್ಟದ ಗೊಂಬೆ ಜೋಡಿ, ಅತ್ತೆಯವರ ಕಾಲದ ಮಣ್ಣಿನ ಗೊಂಬೆಗಳು ಒಂದಿಷ್ಟು, ಮಗಳ ಪುಟ್ಟ ಕಾರುಗಳು. ಬೆಂಗಳೂರಿನಲ್ಲಿ ಮೇನ್ ರೋಡಿಗೆ ಅಂಟಿದ ಮನೆ ನಮ್ಮದು. ಹಿಂದಿನ ಸೈಟಿನಲ್ಲಿ ಎರಡು ವರ್ಷ ಕಟ್ಟಡದ ಕೆಲಸ ನಡೆಯಿತು. ಬೆಳಿಗ್ಗೆ ಒರೆಸಿದ ಟೀಪಾಯಿ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೀಬಹುದಿತ್ತು. ಅಂಥ ಮನೆಯಲ್ಲಿ ಗೊಂಬೆ ಇಟ್ಟುಕೊಂಡು ಹದಿನೈದು ವರ್ಷವಾಯಿತು. ಕಲಿತದ್ದನ್ನು ಬರೀತಿದ್ದೇನೆ.

ಮೊದಲು ನಾನು ಮಾಡಿದ ದೊಡ್ಡ ತಪ್ಪು. 2020ರಲ್ಲಿ ಎಲ್ಲರ ಮನೆಯಲ್ಲೂ ಸ್ಯಾನಿಟೈಸರ್ ಇತ್ತಲ್ವಾ. ಮಗಳು ಆಡಿದ ಚನ್ನಪಟ್ಟಣದ ಗಿಲಕಿಯನ್ನು ಅದರಲ್ಲೇ ಒರೆಸಿದೆ. ಹತ್ತಿ ಕೆಂಪಾಯಿತು. ಕೊಳೆ ಬರ್ತಿದೆ ಅಂದುಕೊಂಡು ಇನ್ನೂ ಉಜ್ಜಿದೆ. ಮುಟ್ಟಿ ನೋಡಿದರೆ ಬೆಲ್ಲದ ಪಾಕದ ಹಾಗೆ ಅಂಟು ಅಂಟು. ಒಣಗಿದ ಮೇಲೆ ಹೊಳಪು ಹೋಗಿ ಮಬ್ಬಾಗಿತ್ತು, ನನ್ನ ಬೆರಳಿನ ಗುರುತು ಬಣ್ಣದಲ್ಲೇ ಕೂತುಬಿಟ್ಟಿತ್ತು. ಅದು ಅವಳ ಮೊದಲ ಆಟದ ಸಾಮಾನು. ಇವತ್ತಿಗೂ ಆ ಗುರುತು ನೋಡಿದರೆ ಸಂಕಟವಾಗುತ್ತದೆ.

ಯಾಕೆ ಹಾಗಾಯಿತು ಅಂತ ತಿಳಿದದ್ದು ಮುಂದಿನ ಸಲ ಚನ್ನಪಟ್ಟಣಕ್ಕೆ ಹೋದಾಗ. ಅಲ್ಲಿ ಆಲೆ ಅನ್ನೋ ಮರದ ತುಂಡನ್ನು ಲೇಥಿಗೆ ಕಟ್ಟಿ ತಿರುಗಿಸುತ್ತಾರೆ. ಆಕಾರ ಬಂದ ಮೇಲೆ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣಗಿದ ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಅಂದರೆ ಮೇಲಿರೋದು ಪೇಂಟ್ ಅಲ್ಲ, ಅರಗು. ಸ್ಯಾನಿಟೈಸರಿನಲ್ಲಿರೋದು ಸ್ಪಿರಿಟ್, ಅಂದರೆ ಆಲ್ಕೋಹಾಲ್. ಅದು ತಾಗಿದರೆ ಅರಗು ಕರಗುತ್ತದೆ. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿಯೇ ಪಾಲಿಶ್ ಮಾಡಿಕೊಳ್ಳೋದು. ನಾನು ಗಿಲಕಿಗೆ ಮಾಡಿದ್ದೂ ಅದನ್ನೇ. ಸ್ಯಾನಿಟೈಸರ್, ಸೆಂಟು, ಗಾಜು ಒರೆಸುವ ಸ್ಪ್ರೇ ಯಾವುದೂ ಈ ಗೊಂಬೆಗಳ ಹತ್ತಿರ ಬರಬಾರದು. ಸೋಪಿನ ನೀರಿನಲ್ಲಿ ನೆನೆಹಾಕೋದಂತೂ ಬೇಡವೇ ಬೇಡ. ತೂತಿನೊಳಗೆ, ತಳದಲ್ಲಿ ಅರಗಿಲ್ಲದ ಬರೀ ಮರ ಇರುತ್ತದೆ. ಅದು ನೀರು ಕುಡಿದು ಉಬ್ಬಿದರೆ ಮೇಲಿನ ಅರಗು ಬಿರುಕು ಬಿಡುತ್ತದೆ.

ಹಾಗಾದರೆ ಕ್ಲೀನ್ ಮಾಡೋದು ಹೇಗೆ? ಒಣ ಬ್ರಷ್ಷಿನಲ್ಲಿ. ನನ್ನ ಹತ್ತಿರ ಮೂರಿವೆ. ಶೇವಿಂಗ್ ಬ್ರಷ್ ಒಂದು, ಮುಖಕ್ಕೆ ಪೌಡರ್ ಹಚ್ಚುವ ದಪ್ಪ ಬ್ರಷ್ ಒಂದು, ಚಿತ್ರ ಬರೆಯುವ ಸಣ್ಣ ಬ್ರಷ್ ಒಂದು. ಮೂರನ್ನೂ ಇದಕ್ಕೇ ಅಂತ ಹೊಸದಾಗಿ ತಂದದ್ದು. ಬಳಸಿದ ಪೌಡರ್ ಬ್ರಷ್ಷಿನಲ್ಲಿ ಮುಖದ ಜಿಡ್ಡು ಇರುತ್ತದೆ, ಅದು ಗೊಂಬೆಗೆ ಹತ್ತಿದರೆ ಧೂಳಿಗೆ ಗೋಂದು ಹಚ್ಚಿಕೊಟ್ಟ ಹಾಗೆ. ಸಣ್ಣ ಬ್ರಷ್ಷಿಗೆ ಕೂದಲು ಹಿಡಿದಿರುವ ತಗಡಿನ ಪಟ್ಟಿ ಇರುತ್ತದಲ್ಲ, ಅದಕ್ಕೆ ಬಟ್ಟೆಯ ಟೇಪ್ ಸುತ್ತಿದ್ದೇನೆ. ಇಲ್ಲದಿದ್ದರೆ ಗೊಂಬೆಗೆ ತಗಡು ತಾಗಿ ಗೀರು ಬೀಳುತ್ತದೆ.

ಮೇಜಿನ ಮೇಲೆ ದಪ್ಪ ಟವೆಲ್ ಹಾಸುತ್ತೇನೆ, ಕೈ ಜಾರಿದರೂ ಏಟಾಗದಿರಲಿ ಅಂತ. ಬಳೆ, ಉಂಗುರ ತೆಗೆದಿಡುತ್ತೇನೆ. ಗೊಂಬೆಯನ್ನು ತಳದಲ್ಲಿ ಹಿಡಿಯಬೇಕು, ತಲೆ ಹಿಡಿದು ಎತ್ತಬಾರದು. ಹಳೇ ಗೊಂಬೆಗಳು ಮುರಿಯೋದೇ ಕತ್ತಿನಲ್ಲಿ. ಬ್ರಷ್ಷನ್ನು ಮೇಲಿಂದ ಕೆಳಕ್ಕೆ, ಒತ್ತದೆ, ಮಗುವಿನ ಕೆನ್ನೆ ಸವರಿದ ಹಾಗೆ ಸವರಬೇಕು. ಕಿವಿ ಹಿಂದೆ, ಕತ್ತಿನ ಸಂದಿನಲ್ಲಿ, ಚಕ್ರದ ಹತ್ತಿರ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಅಲ್ಲಿಗೆ ಕ್ಯಾಮೆರಾ ಲೆನ್ಸ್ ಊದುವ ರಬ್ಬರ್ ಪಂಪ್ ಚೆನ್ನ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಇಷ್ಟು ಮಾಡಿದ ಮೇಲೂ ಜಿಡ್ಡು ಉಳಿದಿದ್ದರೆ ಮಾತ್ರ ಹಳೇ ಪಂಚೆಯ ತುಂಡನ್ನು ನೀರಲ್ಲಿ ಅದ್ದಿ, ಹನಿ ಉಳಿಯದ ಹಾಗೆ ಹಿಂಡಿ ಒಂದು ಸಲ ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಒರೆಸುತ್ತೇನೆ. ಧೂಳಿದ್ದಾಗಲೇ ಒದ್ದೆ ಬಟ್ಟೆ ಹಾಕಿದರೆ ಅದು ಕೆಸರಾಗಿ ಕೆತ್ತನೆಯೊಳಗೆ ಇಳಿಯುತ್ತದೆ. ಹಾಗಾಗಿ ಮೊದಲು ಬ್ರಷ್, ಆಮೇಲೆ ಬಟ್ಟೆ.

ಕಿನ್ನಾಳದ ಗೊಂಬೆಗಳಿಗೆ ಈ ಒದ್ದೆ ಬಟ್ಟೆಯೂ ಆಗದು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮಾಡುವ ಗೊಂಬೆಗಳಿವು. ಹಗುರ ಮರ, ಅದಕ್ಕೆ ಹುಣಸೆಬೀಜದ ಅಂಟು ಮತ್ತು ಮರದ ಹೊಟ್ಟು ಕಲಸಿದ ಮೆತ್ತಿಗೆ, ಅದರ ಮೇಲೆ ಬಣ್ಣ. ನೀರು ತಾಗಿದರೆ ಒಳಗಿನ ಅಂಟೇ ಸಡಿಲವಾಗುತ್ತದೆ. ನನ್ನ ಹತ್ತಿರದ ಗಿಳಿಯ ಎಡರೆಕ್ಕೆಯಲ್ಲಿ ಉಗುರಿನಷ್ಟು ಜಾಗದಲ್ಲಿ ಹಸಿರು ಹೋಗಿ ಕೆಳಗಿನ ಬಿಳಿ ಕಾಣುತ್ತದೆ. ಕೆಲಸಕ್ಕೆ ಬರುತ್ತಿದ್ದ ಅಕ್ಕ ಪ್ರೀತಿಯಿಂದಲೇ ಒರೆಸಿದ್ದರು, ನಾನು ಮೊದಲೇ ಹೇಳಿರಲಿಲ್ಲ. ಈಗ ಆ ನಾಲ್ಕನ್ನೂ ಅಕ್ರಿಲಿಕ್ ಡಬ್ಬಿಯಲ್ಲಿಟ್ಟಿದ್ದೇನೆ. ಡಬ್ಬಿಯನ್ನು ಒಣಬಟ್ಟೆಯಲ್ಲಿ ಉಜ್ಜಬಾರದು. ಉಜ್ಜಿದಷ್ಟೂ ಬಾಚಣಿಗೆಗೆ ಕಾಗದದ ಚೂರು ಅಂಟುವ ಹಾಗೆ ಧೂಳು ಬಂದು ಅಂಟುತ್ತದೆ. ಗೊಂಬೆ ಹೊರಗಿಟ್ಟು, ಹಿಂಡಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಮತ್ತೆ ಒಳಗಿಡಬೇಕು.

ಪಟ್ಟದ ಗೊಂಬೆಗಳ ಕಷ್ಟ ಬೇರೆ. ರಾಜ ರಾಣಿ ಮರದವರೇ ಆದರೂ ಉಟ್ಟಿರೋದು ರೇಷ್ಮೆ, ಜರಿ. ನೆರಿಗೆಯೊಳಗೆ ಧೂಳು ಕೂತರೆ ಕೊಡವಲು ಆಗಲ್ಲ, ಜರಿ ಎಳೆ ಕೀಳುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಸೊಳ್ಳೆಪರದೆಯ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಸ್ಪೀಡ್ ತೀರಾ ಕಡಿಮೆ. ಒಂದು ಕೈಯಲ್ಲಿ ಬ್ರಷ್ಷಿನಿಂದ ಧೂಳು ಎಬ್ಬಿಸಿ, ಇನ್ನೊಂದು ಕೈಯಲ್ಲಿ ಎರಡು ಬೆರಳು ದೂರದಲ್ಲಿ ಪೈಪ್ ಹಿಡಿದರೆ ಅದೇ ಎಳೆದುಕೊಳ್ಳುತ್ತದೆ. ಓಲೆಯೋ ಮಣಿಯೋ ಬಿದ್ದರೆ ಪರದೆಯಲ್ಲೇ ನಿಲ್ಲುತ್ತದೆ. ಹೋದ ವರ್ಷ ರಾಣಿಯ ಮೂಗುಬೊಟ್ಟು ಹಾಗೇ ಸಿಕ್ಕಿತು.

ಅಮ್ಮ ಈ ಜೋಡಿಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತಿದ್ದರು. ರಾಜನ ಬೆನ್ನಿನ ಮೇಲೆ ಈಗಲೂ ಒಂದು ಸಾಲು ಕನ್ನಡ ಅಕ್ಷರ ಉಲ್ಟಾ ಕಾಣುತ್ತದೆ. ಅದನ್ನು ತೆಗೆಯಲು ನಾನು ಹೋಗಿಲ್ಲ. ಆದರೆ ನಾನು ಸುತ್ತೋದು ತೊಳೆದು ಮೆತ್ತಗಾದ ಬಿಳಿ ಪಂಚೆಯಲ್ಲಿ.

ಒರೆಸೋದಕ್ಕಿಂತ ಧೂಳು ಒಳಗೆ ಬಾರದ ಹಾಗೆ ಮಾಡೋದೇ ದೊಡ್ಡ ಕೆಲಸ, ಇದನ್ನು ನಾನು ತಡವಾಗಿ ಕಂಡುಕೊಂಡೆ. ರಾತ್ರಿ ಲೈಟ್ ಆರಿಸಿ, ಶೋಕೇಸಿನೊಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು ಬಾಗಿಲು ಮುಚ್ಚಿದೆ. ಎಲ್ಲೆಲ್ಲಿ ಬೆಳಕು ಸೋರಿತೋ ಅಲ್ಲೆಲ್ಲ ಧೂಳಿಗೂ ದಾರಿ. ಎರಡು ಗಾಜು ಸೇರುವ ಕಡೆ, ಹಿಂದೆ ವೈರ್ ಬರಲು ಕೊರೆದ ತೂತು, ಮೇಲಿನ ಅಂಚು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿನ ಸಂದಿಗೆ ಹಚ್ಚುವ ಅಂಟಿನ ಫೋಮ್ ಪಟ್ಟಿ ಸಿಗುತ್ತದೆ. ಅದನ್ನು ಸುತ್ತಲೂ ಹಚ್ಚಿದೆ. ಮೊದಲು ವಾರಕ್ಕೊಮ್ಮೆ ಒರೆಸುತ್ತಿದ್ದೆ, ಈಗ ತಿಂಗಳಿಗೊಮ್ಮೆ ಸಾಕು.

ಜಾಗವನ್ನೂ ಬದಲಾಯಿಸಿದೆ. ಮೊದಲು ಶೋಕೇಸ್ ಇದ್ದದ್ದು ಅಡುಗೆಮನೆ ಬಾಗಿಲಿನ ಎದುರು. ಒಗ್ಗರಣೆಯ ಎಣ್ಣೆ ಹೊಗೆ ಗೊಂಬೆಗಳ ಮೇಲೆ ಕೂತು, ಅದರ ಮೇಲೆ ಧೂಳು ಕೂತು, ಬ್ರಷ್ಷಿಗೆ ಬಗ್ಗದ ಕಪ್ಪು ಪದರ ಆಗುತ್ತಿತ್ತು. ಊದುಬತ್ತಿ ಹೊಗೆಯೂ ಅಷ್ಟೇ. ಈಗ ಬಿಸಿಲು ನೇರ ಬೀಳದ ಗೋಡೆಗೆ ಇಟ್ಟಿದ್ದೇವೆ. ಒಳಗಿದ್ದ ಹ್ಯಾಲೋಜನ್ ಬಲ್ಬ್ ತೆಗೆಸಿ ಎಲ್‌ಇಡಿ ಹಾಕಿಸಿದೆ. ಆ ಬಲ್ಬಿನ ಕಾವಿಗೆ ಮೇಲಿನ ಹಲಗೆಯ ಗೊಂಬೆಗಳ ಅರಗು ಮೆತ್ತಗಾಗಿ, ಧೂಳು ಅದರೊಳಗೇ ಹೂತುಹೋಗಿತ್ತು. ಅದು ಬ್ರಷ್ಷಿಗೂ ಬರಲಿಲ್ಲ, ಬಟ್ಟೆಗೂ ಬರಲಿಲ್ಲ.

ಎಲ್ಲ ಪುಡಿಯೂ ಧೂಳಲ್ಲ. ಒಮ್ಮೆ ಮರದ ಆನೆಯ ಕೆಳಗೆ ಗೋಧಿಹಿಟ್ಟಿನಂಥ ನುಣ್ಣನೆ ಪುಡಿ ಚಿಕ್ಕ ಗುಡ್ಡೆಯಾಗಿ ಬಿದ್ದಿತ್ತು. ಒರೆಸಿದೆ, ನಾಲ್ಕು ದಿನಕ್ಕೆ ಮತ್ತೆ ಅಷ್ಟೇ. ತಿರುಗಿಸಿ ನೋಡಿದರೆ ತಳದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು. ಹುಳ ಹಿಡಿದಿತ್ತು. ಆವತ್ತೇ ಆನೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೇರೆ ಇಟ್ಟೆ. ನಮ್ಮ ಬಡಗಿ ಮರದ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ಆ ತೂತಿಗೆ ಬಿಟ್ಟರು, ಬಣ್ಣಕ್ಕೆ ಒಂದು ಹನಿಯೂ ತಾಗದ ಹಾಗೆ. ಎರಡು ತಿಂಗಳು ಹೊಸ ಪುಡಿ ಬೀಳದಿದ್ದ ಮೇಲೆಯೇ ಮತ್ತೆ ಶೋಕೇಸಿಗೆ ಸೇರಿಸಿದ್ದು.

ಮಗಳ ಕಾರುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬರೀ ಪ್ಲಾಸ್ಟಿಕ್ ಆದರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಸ್ಟಿಕರ್ ಇರುವುದನ್ನು ಮತ್ತು ಚಕ್ರಕ್ಕೆ ಕಬ್ಬಿಣದ ಅಚ್ಚು ಇರುವುದನ್ನು ಮುಳುಗಿಸಬೇಡಿ.

ಪೂರ್ತಿ ಶೋಕೇಸ್ ಖಾಲಿ ಮಾಡೋದು ವರ್ಷಕ್ಕೊಂದೇ ಸಲ, ಮಹಾಲಯ ಅಮಾವಾಸ್ಯೆಗೆ ಮೊದಲಿನ ಭಾನುವಾರ. ಹೇಗೂ ನವರಾತ್ರಿಗೆ ಗೊಂಬೆ ಇಳಿಸಬೇಕಲ್ಲ. ತೆಗೆಯುವ ಮೊದಲು ಪ್ರತಿ ಹಲಗೆಯ ಫೋಟೋ ಹೊಡೆದುಕೊಳ್ಳುತ್ತೇನೆ, ವಾಪಸ್ ಜೋಡಿಸುವಾಗ ಯಾವುದು ಎಲ್ಲಿತ್ತು ಅಂತ ಹುಡುಕಬೇಕಾಗಿಲ್ಲ. ಅತ್ತೆ ಮಣ್ಣಿನ ಗೊಂಬೆಗಳನ್ನು ತಾವೇ ಸವರುತ್ತಾರೆ. "ಇವನ ಬೆರಳು ನೋಡ್ಕೊಳಮ್ಮ, ಸಡಿಲ ಇದೆ" ಅಂತ ಪ್ರತಿ ವರ್ಷ ಶೆಟ್ಟರ ಗೊಂಬೆಯನ್ನು ನನ್ನ ಕೈಗೆ ಕೊಡುವಾಗ ಹೇಳುತ್ತಾರೆ. ಮಗಳಿಗೆ ಚನ್ನಪಟ್ಟಣದವುಗಳ ಪಾಲು.

ಕೆಳಗಿನ ಹಲಗೆಗೆ ಮಾತ್ರ ಬೀಗ ಇಲ್ಲ. ಅಲ್ಲಿ ಬುಗುರಿ, ರೈಲು, ಬೆರಳಿನ ಗುರುತು ಬಿದ್ದ ಆ ಗಿಲಕಿ ಇವೆ. ಮನೆಗೆ ಬಂದ ಮಕ್ಕಳು ತೆಗೆದು ಆಡುತ್ತಾರೆ. ಅವುಗಳಿಗೆ ಬ್ರಷ್ ಹಾಕುವ ಕೆಲಸ ಅಷ್ಟಾಗಿ ಬರೋದೇ ಇಲ್ಲ.