ಕಾಡಿನ ಡೇಟಾವನ್ನು ಎಲ್ಲರಿಗೂ ತೆರೆದಿಟ್ಟ ಬಗೆ – ನನ್ನ ಅನುಭವ

ನಮ್ಮ ತಂಡ ಒಂದೇ ಕಾಡಿನಲ್ಲಿ, ಅವೇ ಮರಗಳನ್ನು, ವರ್ಷಗಟ್ಟಲೆ ಅಳೆಯುತ್ತಾ ಬಂದಿದೆ. ಪ್ರತಿ ಮರಕ್ಕೂ ಒಂದು ಅಲ್ಯೂಮಿನಿಯಂ ಬಿಲ್ಲೆ, ಅದರ ಮೇಲೊಂದು ನಂಬರು. ಈ ಡೇಟಾ ಬೇರೆ ವಿಜ್ಞಾನಿಗಳಿಗೂ ಸಿಗಲಿ ಅಂತ ಆನ್‌ಲೈನ್‌ಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅಪ್‌ಲೋಡ್ ಮಾಡುವುದು ಸುಲಭ. ನಮ್ಮನ್ನು ಕಂಡೇ ಇರದ ಒಬ್ಬರು, ಒಂದು ಪ್ರಶ್ನೆಯನ್ನೂ ಕೇಳದೆ, ಆ ಫೈಲನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಲ್ವಾ, ಶ್ರಮ ಇರುವುದು ಅಲ್ಲಿ.

ಒಂದು ಮರವನ್ನೇ ನೋಡಿ. ಕಾಂಡದ ವ್ಯಾಸವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು ರೂಢಿ. ಆದರೆ ಎಷ್ಟೋ ದೊಡ್ಡ ಮರಗಳ ಬುಡದಲ್ಲಿ ಹಲಗೆಯಂಥ ಬೇರುಗಳು ಎದ್ದಿರುತ್ತವೆ, ಮರ ಬೆಳೆದಂತೆ ಅವೂ ಮೇಲೇರುತ್ತವೆ, ಆಗ ಟೇಪನ್ನು ಅವುಗಳಿಗಿಂತ ಮೇಲೆ ಸರಿಸದೆ ಬೇರೆ ದಾರಿಯಿಲ್ಲ. ಮೇಲೆ ಕಾಂಡ ಸಣ್ಣ. ಹಾಗಾಗಿ ಹಿಂದಿನ ಗಣತಿಯಲ್ಲಿ 84 ಸೆಂಟಿಮೀಟರ್ ಇದ್ದ ಮರ ಈ ಸಲ 79 ಅಂತ ದಾಖಲಾಗಬಹುದು. ಹೊರಗಿನವರು ನೋಡಿದರೆ ಮರ ಕುಗ್ಗಿದೆ ಅನ್ನುತ್ತಾರೆ, ಇಲ್ಲವೇ ತಪ್ಪು ಅಂತ ಆ ಸಾಲನ್ನೇ ಅಳಿಸುತ್ತಾರೆ. ಕಾಡಿನ ಮರಗಳಲ್ಲಿರುವ ಇಂಗಾಲದ ದೊಡ್ಡ ಪಾಲು ಇಂಥ ದೊಡ್ಡ ಮರಗಳಲ್ಲೇ ಇರುವುದರಿಂದ ಅವನ್ನು ಕೈಬಿಟ್ಟರೆ ಇಡೀ ಲೆಕ್ಕ ದಾರಿ ತಪ್ಪುತ್ತದೆ. ಅದಕ್ಕೇ ಪ್ರತಿ ಅಳತೆಯ ಪಕ್ಕ, ಎಷ್ಟು ಎತ್ತರದಲ್ಲಿ ಅಳೆದದ್ದು ಅನ್ನುವ ಕಾಲಂ ಸೇರಿಸಿದೆವು. ಹಳೆಯ ಫೀಲ್ಡ್ ಪುಸ್ತಕಗಳಲ್ಲಿ ಅದು ಬರೆದಿತ್ತು. ಹುಡುಕಿ, ಟೈಪ್ ಮಾಡಿ, ಇನ್ನೊಬ್ಬರು ತಾಳೆ ನೋಡುವುದಕ್ಕೇ ಜಾಸ್ತಿ ಸಮಯ ಹಿಡಿಯಿತು.

ಟೇಬಲಿನಲ್ಲಿ ಅಳತೆ ಬರೆಯದೆ ಖಾಲಿ ಬಿಟ್ಟ ಮನೆಗಳದ್ದೂ ಇದೇ ಕಥೆ. ಮರ ಸತ್ತಿದೆಯೋ, ಇದ್ದೂ ಸಿಗಲಿಲ್ಲವೋ, ಬಿಲ್ಲೆ ಬಿದ್ದುಹೋಗಿದೆಯೋ, ಜೇನುಗೂಡು ಇದ್ದಿದ್ದರಿಂದ ಹತ್ತಿರ ಹೋಗಲಾಗಲಿಲ್ಲವೋ? ಒಂದೊಂದಕ್ಕೂ ಬೇರೆ ಬೇರೆ ಗುರುತು ಬೇಕು. ಸೊನ್ನೆ ಹಾಕಲೇಬಾರದು. ಮರದ ವೈಜ್ಞಾನಿಕ ಹೆಸರು ಬದಲಾದರೆ ಅಂದು ಬರೆದ ಹೆಸರನ್ನು ಹಾಗೇ ಉಳಿಸಿ, ಈಗಿನ ಹೆಸರಿಗೆ ಇನ್ನೊಂದು ಕಾಲಂ ಇಡಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲೇ ಬರೆಯಿರಿ, 03/04 ಅಂದರೆ ಯಾವ ತಿಂಗಳು ಅಂತ ಯಾರಿಗೆ ಗೊತ್ತು?

ಎಲ್ಲ ಮುಗಿದ ಮೇಲೆ, ತಂಡದ ಹೊರಗಿನ ಒಬ್ಬ ವಿದ್ಯಾರ್ಥಿನಿಗೆ ಬರೀ ಫೈಲುಗಳನ್ನು ಕೊಟ್ಟು, ಎರಡು ಗಣತಿಗಳ ನಡುವೆ ಎಷ್ಟು ಮರ ಸತ್ತಿವೆ ಲೆಕ್ಕ ಹಾಕಮ್ಮ ಅಂದೆ. ಅವಳ ಮೊದಲ ಪ್ರಶ್ನೆಯೇ, "ಸರ್, ಒಂದೇ ಬುಡದಿಂದ ಮೂರು ಕಾಂಡ ಬಂದಿದ್ದರೆ ಅದು ಒಂದು ಮರವಾ, ಮೂರಾ?" ಅದಾದ ಮೇಲೆ ಮರಗಳಿಗೊಂದು, ಕಾಂಡಗಳಿಗೊಂದು ಫೈಲು ಮಾಡಿ, ಬಿಲ್ಲೆಯ ನಂಬರಿನಿಂದ ಎರಡನ್ನೂ ಜೋಡಿಸಿದೆವು. ಈ ಪರೀಕ್ಷೆಯನ್ನು ದಯವಿಟ್ಟು ಯಾರೂ ಬಿಡಬೇಡಿ.

"ನಾವು ಬೆವರು ಸುರಿಸಿದ್ದು, ಪೇಪರ್ ಬರೆಯೋದು ಇನ್ಯಾರೋ" ಅನ್ನುವ ಮಾತು ನಮ್ಮಲ್ಲೂ ಬಂತು. ಆ ಭಯ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸಂಶೋಧನಾ ವಿದ್ಯಾರ್ಥಿಗಳು ಬಳಸುತ್ತಿದ್ದ ಭಾಗವನ್ನು ಒಂದು ದಿನಾಂಕದವರೆಗೆ ತಡೆಹಿಡಿದು, ಉಳಿದದ್ದನ್ನು ತೆರೆದೆವು. ಅಳತೆ ಮಾಡಿದ ಕೆಲಸಗಾರರನ್ನು ಕೇಳಿ, ಒಪ್ಪಿದವರ ಹೆಸರನ್ನೆಲ್ಲ ಡೇಟಾದ ಕರ್ತೃಗಳ ಪಟ್ಟಿಯಲ್ಲೇ ಸೇರಿಸಿದೆವು. ತೆರೆದಿಟ್ಟದ್ದರ ಫಲ ಕಣ್ಣ ಮುಂದೆಯೇ ಇದೆ. ಪನಾಮದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಗುರುತು ಮಾಡಿದ 50 ಹೆಕ್ಟೇರ್ ಪ್ಲಾಟಿನ ಮರಗಳ ಎಣಿಕೆ, ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯ ವೀಗನ್ (vegan) ಪ್ಯಾಕೇಜಿನ ಜೊತೆಗೇ ಬರುತ್ತದೆ. ಆ ಕಾಡಿನಲ್ಲಿ ಕಾಲಿಡದ ಎಷ್ಟೋ ಜನ ಅದರಲ್ಲೇ ಲೆಕ್ಕ ಕಲಿತಿದ್ದಾರೆ. ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1963ರಿಂದ ಮಳೆ ಮತ್ತು ತೊರೆಗಳ ನೀರನ್ನು ಪರೀಕ್ಷಿಸುತ್ತಾ ಬಂದ ದಾಖಲೆಯಿಂದಲೇ ಅಲ್ಲಿನ ಆಮ್ಲಮಳೆ ಬಯಲಾಯಿತು, ಆ ಡೇಟಾ ಕೂಡ ಇವತ್ತು ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಎಲ್ಲವನ್ನೂ ತೆರೆಯಬೇಕಿಲ್ಲ. ಕಳ್ಳರ ಕಣ್ಣು ಬೀಳುವಂಥ ಮರಗಳಿದ್ದರೆ ಅವು ನಿಂತಿರುವ ಜಾಗವನ್ನು ಹೊರಗೆ ಹಾಕಬೇಡಿ. ನಾವು ಯಾವ ಹೆಕ್ಟೇರ್ ಅಂತಷ್ಟೇ ಕೊಟ್ಟು, ನಿಖರ ಸ್ಥಳವನ್ನು ಕಾರಣ ಹೇಳಿ ಕೇಳಿದವರಿಗೆ ಮಾತ್ರ ಕೊಡುತ್ತೇವೆ.

ಸ್ವಂತ ವೆಬ್‌ಸೈಟ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು, ಪ್ರಾಜೆಕ್ಟಿನ ಹಣ ನಿಂತ ದಿನ ಅದೂ ನಿಲ್ಲುತ್ತದೆ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸುವ, ಸಂಶೋಧನಾ ಡೇಟಾ ಇಡುವ ಝೆನೊಡೊ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಇಟ್ಟೆವು. ಅಲ್ಲಿ ಪ್ರತಿ ಆವೃತ್ತಿಗೂ ಬೇರೆ ಡಿಒಐ, ಅಂದರೆ ಬದಲಾಗದ ಗುರುತಿನ ಸಂಖ್ಯೆ, ಸಿಗುತ್ತದೆ, ಎಲ್ಲಕ್ಕೂ ಸೇರಿ ಇನ್ನೊಂದು. ಯಾರಾದರೂ ತಪ್ಪು ತೋರಿಸಿದರೆ ಫೀಲ್ಡ್ ಪುಸ್ತಕ ತೆಗೆದು ನೋಡಿ, ತಿದ್ದಿ, ಏನು ಬದಲಾಯಿತು ಅಂತ ಬರೆದು ಹೊಸ ಆವೃತ್ತಿ ಹಾಕುತ್ತೇವೆ. ಹಳೆಯದು ಹಾಗೇ ಉಳಿಯುವುದರಿಂದ, ಅದನ್ನು ಬಳಸಿ ಪೇಪರ್ ಬರೆದವರ ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು.